ಕಣದಲ್ಲಿ ಬಿದ್ದ ಕಲ್ಲು

ನಾನು ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳು. ಬಾಯಿ ಜೋರು ಅಂತ ಹೆಸರು. ಕಾಪಿ ಹೊಡೆದ ಹುಡುಗರಿಗೆ ನಿಂತಲ್ಲೇ ಬೆವರಿಳಿಸಿದ್ದೇನೆ, ಪ್ರಿನ್ಸಿಪಾಲರ ಜೊತೆ ಬಾಗಿಲು ತೆರೆದಿಟ್ಟುಕೊಂಡೇ ಜಗಳವಾಡಿದ್ದೇನೆ, ಬಸ್ಸಿನಲ್ಲಿ ಸೀಟಿಗಾಗಿ ಕಂಡಕ್ಟರನನ್ನು ಕಣ್ಣೀರಿಗೆ ತಂದದ್ದೂ ಉಂಟು. ಇಂಥ ಬಾಯಿ ತೆರೆಯಲೇಬೇಕಾದ ಹೊತ್ತಿನಲ್ಲಿ ಮಾತ್ರ ತೆರೆಯಲಿಲ್ಲ. ಅದರಿಂದ ಒಬ್ಬ ಮನುಷ್ಯನ ಹೆಸರು ಹಾಳಾಯಿತು. ಈಗ ಬರೆಯುವುದರಿಂದ ಅವರಿಗೆ ಯಾವ ಉಪಯೋಗವೂ ಇಲ್ಲ ಎಂಬುದು ನನಗೆ ಗೊತ್ತಿದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹೊಸಪೇಟೆಯ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ನಮ್ಮ ವಿಭಾಗದ ಮುಖ್ಯಸ್ಥರೇ ನನಗೆ ಪಾಠ ಕಲಿಸಿದವರು. ಕಾಲೇಜಿಗೆಲ್ಲ ಅವರು ‘ಬಾಟ್ಲಿ ಸರ್’. ಅವರ ಕೈಚೀಲದಲ್ಲಿ ಯಾವಾಗಲೂ ನಾಲ್ಕೈದು ಔಷಧದ ಬಾಟಲಿಗಳು ಗಲಗಲ ಎನ್ನುತ್ತಿದ್ದವು. ಹೊಸಬರು ಅವರನ್ನು ಕುಡುಕ ಎಂದುಕೊಳ್ಳುತ್ತಿದ್ದರು. ಪಾಪ, ಅವರು ಚಹಾ ಕೂಡ ಅರ್ಧ ಕಪ್ಪೇ ಕುಡಿಯುತ್ತಿದ್ದರು. ಭಾನುವಾರ ಬಂತೆಂದರೆ ಸಂಡೂರಿನ ಬಸ್ಸು ಹತ್ತಿ, ಯಶವಂತನಗರದ ಹತ್ತಿರ ಇಳಿದು, ಅದಿರು ತೊಳೆದ ನೀರು ಹರಿಯುವ ಚರಂಡಿಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ಕೆಂಪು ಲೋಳೆ ತುಂಬಿಕೊಂಡು ಬರುತ್ತಿದ್ದರು. ಲಾರಿಯವರು ನಿಲ್ಲಿಸಿ, ಏನು ಕಳೆದುಕೊಂಡಿರಿ ಯಜಮಾನರೇ ಎಂದು ಕೇಳುತ್ತಿದ್ದರಂತೆ.

ಆ ಲೋಳೆಯಲ್ಲಿ ಕಬ್ಬಿಣ ತಿಂದು ಬದುಕುವ ಜೀವಿಗಳಿವೆ ಎಂದು ಅವರು ಹೇಳುತ್ತಿದ್ದರು. ಬಿಸಿಲು ಬೇಡ, ಎಲೆ ಬೇಡ, ಅನ್ನ ಬೇಡ, ಕಬ್ಬಿಣವೇ ಊಟ. ಹಂಪಿಗೆ ನಮ್ಮನ್ನು ಕರೆದುಕೊಂಡು ಹೋದಾಗ ಒಂದು ಗುಡಿಯನ್ನೂ ತೋರಿಸಲಿಲ್ಲ. ಬಂಡೆಗಳ ಮೈಮೇಲೆ ಮಳೆನೀರು ಇಳಿದು ಕಪ್ಪಾದ ಪಟ್ಟೆಗಳನ್ನು ಬೆರಳಿಂದ ಕೆರೆದು, ಇದು ಬಣ್ಣವಲ್ಲ, ಎಂಟು ತಿಂಗಳು ಸುಟ್ಟುಕೊಂಡು ಬಿದ್ದಿದ್ದು ಮೊದಲ ಮಳೆಗೆ ಏಳುವ ಜೀವ ಎಂದರು. ಹಿಂದಿನ ಬೆಂಚಿನವರು ನಕ್ಕರು. ನಾನೂ ನಕ್ಕಿದ್ದೆ.

ನಾನು ಅವರ ಶಿಷ್ಯೆಯಾದದ್ದು ನಮ್ಮ ಮಿಲ್ಲಿನ ನೀರಿನಿಂದ. ನನ್ನ ತವರು ಕಂಪ್ಲಿ. ಕಾಲುವೆ ನೀರು ಬಂದ ಮೇಲೆ ಊರ ಸುತ್ತ ಭತ್ತವೇ ಭತ್ತ, ನಮ್ಮಪ್ಪನದು ಅಕ್ಕಿ ಮಿಲ್ಲು. ಕುಸುಬಲಕ್ಕಿಗೆ ಭತ್ತ ನೆನೆಸುವ ಬಿಸಿನೀರಿನ ತೊಟ್ಟಿಗಳ ಗಬ್ಬುನಾತ ಇಡೀ ಓಣಿಗೆ ಹಬ್ಬುತ್ತಿತ್ತು. ಕೈ ಇಟ್ಟರೆ ಸುಡುವ ಆ ನೀರನ್ನು ಒಂದು ಬಾಟಲಿ ತಂದುಕೊಟ್ಟೆ, ತಮಾಷೆಗೆ. ಸರ್ ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನನ್ನನ್ನು ಕರೆದು ತೋರಿಸಿದರು. ಅಷ್ಟು ಸುಡುತ್ತಿದ್ದ ನೀರಿನಲ್ಲಿ ಸಣ್ಣ ಕಡ್ಡಿಗಳು ಈಜುತ್ತಿದ್ದವು. ಅವತ್ತಿನಿಂದ ನನಗೂ ಹುಚ್ಚು ಹಿಡಿಯಿತು.

ಆದರೆ ಸರ್ ಮಾತಿಗೆ ಬೆಲೆ ಇರಲಿಲ್ಲ. ನಾನು ಕೆಲಸಕ್ಕೆ ಸೇರುವ ಮೊದಲು ಅವರು ದೂರದ ಊರೊಂದರಲ್ಲಿ ವಿದ್ವಾಂಸರ ಸಭೆಗೆ ಹೋಗಿ ಕೆಂಪು ಲೋಳೆಯ ಬಗ್ಗೆ ಮಾತಾಡಿದ್ದರಂತೆ. ಒಬ್ಬರು ಎದ್ದು, ನಿಮ್ಮ ಬಾಟಲಿಗಳನ್ನು ಸರಿಯಾಗಿ ತೊಳೆದಿರಾ ಎಂದು ಕೇಳಿದರಂತೆ. ಸಭೆ ನಕ್ಕಿತಂತೆ. ಅದನ್ನು ಅವರೇ ನನಗೆ ಹೇಳಿದ್ದು, ಯಾವ ಭಾವವೂ ಇಲ್ಲದೆ, ಬಾಟಲಿ ತೊಳೆಯುತ್ತಲೇ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

“ಒಂದ ಸಲ, ಒಂದ ಸಲ ನಾ ಹೇಳಿದ್ದು ನಿಂತ್ರ ಸಾಕು ತಂಗಿ,” ಎಂದರು. “ಆಮ್ಯಾಲೆ ಮನಿಗೆ ಹೋಗಿ ಸುಮ್ಮನ ಕುಂದ್ರತೀನಿ.”

ಆ ವರ್ಷ ಸುಗ್ಗಿಯಲ್ಲಿ ಕಂಪ್ಲಿ ಹತ್ತಿರದ ಒಂದು ಕಣದಲ್ಲಿ ಕಲ್ಲು ಬಿತ್ತು. ಮಧ್ಯಾಹ್ನ, ಜನ ಬುತ್ತಿ ಬಿಚ್ಚಿ ಕೂತ ಹೊತ್ತಿನಲ್ಲಿ, ಆಕಾಶ ಗುಡುಗಿದ ಸದ್ದಾಗಿ ಬಣವೆಗೆ ಏನೋ ಹೊಕ್ಕಿತು. ಹುಲ್ಲು ಸರಿಸಿ ನೋಡಿದರೆ ತೆಂಗಿನಕಾಯಿ ಗಾತ್ರದ, ಮೈಯೆಲ್ಲ ಮಸಿ ಬಳಿದಂಥ ಕರಿ ಕಲ್ಲು. ಹೊಲದ ರೈತ ಅದನ್ನು ಭತ್ತದ ರಾಶಿಯ ಪಕ್ಕದಲ್ಲಿಟ್ಟು, ಕುಂಕುಮ ಹಚ್ಚಿ, ರಾಶಿಪೂಜೆಯ ಜೊತೆಗೆ ಅದಕ್ಕೂ ಒಂದು ಕಾಯಿ ಒಡೆದನಂತೆ. ಭಾನುವಾರ ಊರಿಗೆ ಹೋದಾಗ ನನಗೆ ಸುದ್ದಿ ಸಿಕ್ಕಿತು. ಸೋಮವಾರ ಸರ್‌ಗೆ ಹೇಳಿದೆ. ಅವರು ಹಾಜರಿ ಪುಸ್ತಕ ಕೈಯಲ್ಲಿ ಹಿಡಿದವರು ಹಾಗೆಯೇ ನಿಂತುಬಿಟ್ಟರು.

ಆಕಾಶದಿಂದ ಬಿದ್ದ ಕಲ್ಲುಗಳೊಳಗೆ ಜೀವದ ಗುರುತು ಹುಡುಕುವವರು ಲೋಕದಲ್ಲಿ ಇದ್ದಾರೆ ಎಂದು ಅವರಿಂದಲೇ ತಿಳಿದದ್ದು. ಹೊರಗೆ ಬೂಷ್ಟು, ಮಣ್ಣು, ಕುಂಕುಮ ಏನೇ ಹತ್ತಿರಲಿ, ಕಲ್ಲಿನ ಒಡಲು ಮುಚ್ಚಿಕೊಂಡಿರುತ್ತದೆ. ಒಡೆದು, ನಡುವಿನ ಚೂರನ್ನು ಯಾವುದೂ ಸೋಂಕದಂತೆ ತೆಗೆದು ಪೋಷಕ ದ್ರವದಲ್ಲಿ ಹಾಕಿದರೆ, ಒಳಗೆ ಏನಾದರೂ ಇದ್ದರೆ ಬೆಳೆಯುತ್ತದೆ. ಇಲ್ಲದಿದ್ದರೆ ಇಲ್ಲ. ಸರ್ ಇದನ್ನು ಅಂದು ನನಗೆ ಮೂರು ಸಲ ವಿವರಿಸಿದರು, ನಾನು ಮರೆತುಬಿಡುತ್ತೇನೆ ಎಂಬಂತೆ.

ರೈತ ಕಲ್ಲು ಕೊಟ್ಟ. ಕೊಡಲು ಮನಸ್ಸಿರಲಿಲ್ಲ. ಅವನ ಭತ್ತ ನಮ್ಮ ಮಿಲ್ಲಿಗೆ ಬರುತ್ತಿತ್ತು. ನಮ್ಮಪ್ಪ ಕೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ? ನನ್ನ ಅವ್ವನಿಗೆ ಮಾತ್ರ ಇದು ಸುತರಾಂ ಹಿಡಿಸಲಿಲ್ಲ. ಅತ್ತಿಗೆಗೆ ಆಗ ಏಳು ತಿಂಗಳು, ಅದಕ್ಕೂ ಮೊದಲು ಎರಡು ಸಲ ನಿಂತದ್ದು ಹೋಗಿತ್ತು. ಬಸುರಿ ಇರುವ ಮನೆಯವರು ಕುಂಬಳಕಾಯಿಯನ್ನೂ ಒಡೆಯುವುದಿಲ್ಲ. ನಾನು ಪೂಜೆಗೊಂಡ ಕಲ್ಲನ್ನೇ ಒಡೆಯಲು ಹೊರಟಿದ್ದೆ. ಬಸ್ ಸ್ಟ್ಯಾಂಡಿಗೆ ಹೊರಟಾಗ ಅವ್ವ ಒಂದು ಸಣ್ಣ ಬಟ್ಟೆಗಂಟನ್ನು ನನ್ನ ಕೈಗಿತ್ತಳು. ಅದರಲ್ಲಿ ವಿಭೂತಿ ಇತ್ತು.

“ಒಡಿಯೋದಾದ್ರ ಸುತ್ತಿಗಿಗೆ ಇದನ್ನ ಹಚ್ಚು, ತಪ್ಪಾತು ಅಂತ ಕೈ ಮುಗಿ, ಆಮ್ಯಾಲೆ ಒಡಿ. ಮನಿಯಾಗ ಒಂದ ಜೀವ ಐತಿ,” ಎಂದಳು.

ನಮ್ಮ ಮನೆಯಲ್ಲಿ ಇದು ಹೊಸತೇನಲ್ಲ. ಮಿಲ್ಲಿಗೆ ಹೊಸ ಬೆಲ್ಟ್ ಬಂದರೂ, ಹೊಲಕ್ಕೆ ಹೊಸ ಕುಡಗೋಲು ಬಂದರೂ, ಮೊದಲು ಮೂರು ಬೆರಳಿನ ವಿಭೂತಿ, ಆಮೇಲೆ ಕೆಲಸ. ಹಚ್ಚದೆ ಶುರು ಮಾಡಿದ ಕೆಲಸ ಕೈ ಹತ್ತುವುದಿಲ್ಲ ಎಂದು ನಂಬಿದವರು. ಸರ್ ಈ ವಿಷಯದಲ್ಲಿ ಕಟ್ಟುನಿಟ್ಟು. ಆಯುಧಪೂಜೆಯ ದಿನ ಅಟೆಂಡರು ಸೂಕ್ಷ್ಮದರ್ಶಕಕ್ಕೆ ಕುಂಕುಮ ಇಟ್ಟನೆಂದು ಒಂದು ವಾರ ಅವನ ಜೊತೆ ಮಾತು ಬಿಟ್ಟಿದ್ದರು. ಗುಡಿ ಮೆಟ್ಟಿಲು ಹತ್ತಿದ ಮನುಷ್ಯನೇ ಅಲ್ಲ.

ಕಲ್ಲು ಒಡೆಯಲು ನಾವು ಹದಿನೈದು ದಿನ ತಯಾರಿ ಮಾಡಿದೆವು. ಕಾಲೇಜಿನಲ್ಲಿ ಸರಿಯಾದ ಉಪಕರಣ ಇರಲಿಲ್ಲ. ಸರ್ ಮನೆಯಿಂದ ಹೆಂಡತಿಯ ಪ್ರೆಶರ್ ಕುಕ್ಕರ್ ತಂದರು; ಆ ಹದಿನೈದು ದಿನ ಅವರ ಮನೆಯಲ್ಲಿ ಬೇಳೆ ಪಾತ್ರೆಯಲ್ಲೇ ಬೆಂದಿತು. ಬಾಟಲಿ, ಚಿಮಟ, ಉಳಿ, ಸುತ್ತಿಗೆ ಎಲ್ಲವನ್ನೂ ಕುಕ್ಕರಿನಲ್ಲಿ ಬೇಯಿಸಿ, ಸ್ಪಿರಿಟ್ಟಿನಿಂದ ಒರೆಸಿ, ಹಿಂದಿನ ಸಣ್ಣ ಕೋಣೆಯ ಕಿಟಕಿ ಸಂದುಗಳಿಗೆ ಕಾಗದ ಅಂಟಿಸಿದೆವು. ಅವರ ಕೈ ಆಗಲೇ ನಡುಗುತ್ತಿತ್ತು. ಹೀಗಾಗಿ ಏಟು ಹಾಕಬೇಕಾದವಳು ನಾನು. ನೀನು ಬೇರೆ ಏನನ್ನೂ ಮುಟ್ಟಬೇಡ, ಮಾತೂ ಆಡಬೇಡ, ಉಗುಳು ಹಾರುತ್ತದೆ ಎಂದು ತಾಕೀತು ಮಾಡಿದರು.

ಬೆಳಿಗ್ಗೆ ಹತ್ತು ಗಂಟೆ. ಎಲ್ಲ ಸಿದ್ಧವಾಗಿತ್ತು. ಸ್ಪಿರಿಟ್ ದೀಪ ಕುಂದಿತೆಂದು ಸರ್ ಹೊರಗಿನ ಬೀರುವಿಗೆ ಹೋದರು. ಕೋಣೆಯಲ್ಲಿ ನಾನು ಮತ್ತು ಕಲ್ಲು. ಅದರ ಮೇಲೆ ರೈತನ ಕುಂಕುಮದ ಕಲೆ ಇನ್ನೂ ಇತ್ತು. ನನಗೆ ಅತ್ತಿಗೆಯ ಮುಖ ನೆನಪಾಯಿತು. ಎರಡನೆಯ ಸಲ ಹೋದಾಗ ಅವಳು ಗೋಡೆಗೆ ಮುಖ ಮಾಡಿ ಮಲಗಿ ಮೂರು ದಿನ ಯಾರ ಜೊತೆಯೂ ಮಾತಾಡಿರಲಿಲ್ಲ. ವಿಜ್ಞಾನ ಓದಿದ ತಲೆ ಒಂದು ಹೇಳುತ್ತಿತ್ತು, ಕೈ ಕೇಳಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಅವ್ವನ ಗಂಟು ಬಿಚ್ಚಿ ಸುತ್ತಿಗೆಗೆ, ಉಳಿಯ ಮೊನೆಗೆ ವಿಭೂತಿ ಸವರಿದೆ. ತಪ್ಪಾಯಿತು ಎಂದೆ. ಮೇಲೆ ಕಾಣದಂತೆ ಸೆರಗಿನಿಂದ ಒರೆಸಿದೆ. ಸರ್ ಒಳಗೆ ಬಂದರು. ನಾನು ಏಟು ಹಾಕಿದೆ.

ಮೂರನೆಯ ಏಟಿಗೆ ಕಲ್ಲು ಎರಡಾಯಿತು. ಒಳಗೆ ಬೂದು ಬಣ್ಣ, ನಡುನಡುವೆ ಮಿಣುಕುವ ಕಬ್ಬಿಣದ ಕಣಗಳು. ಸರ್ ಚಿಮಟದಿಂದ ಚೂರುಗಳನ್ನು ಎತ್ತಿ ಬಾಟಲಿಗಳಿಗೆ ಹಾಕಿದರು. ಕೆಲವು ಬಾಟಲಿಗಳನ್ನು ಕಲ್ಲು ಹಾಕದೆ ಹಾಗೆಯೇ ಇಟ್ಟರು, ತಾಳೆ ನೋಡಲು. ಕೆಲವು ಚೂರುಗಳನ್ನು ಮೊದಲು ಕುದಿಸಿ ಹಾಕಿದರು. ಉಳಿದ ಅರ್ಧ ಕಲ್ಲನ್ನು ಬೇಯಿಸಿದ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಮೊಹರು ಮಾಡಿದರು.

ಮೂರನೆಯ ದಿನ ಕಲ್ಲು ಹಾಕಿದ ಬಾಟಲಿಗಳೆಲ್ಲ ಮಸುಕಾದವು. ಕುದಿಸಿದ್ದೂ ಮಸುಕಾಯಿತು. ಕಲ್ಲು ಹಾಕದವು ತಿಳಿಯಾಗಿಯೇ ಇದ್ದವು. ಸರ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಎಷ್ಟೋ ಹೊತ್ತು ಏಳಲಿಲ್ಲ. ಉದ್ದುದ್ದ ಕಡ್ಡಿಗಳು, ಒಂದೊಂದರ ಹೊಟ್ಟೆಯಲ್ಲೂ ಹೊಳೆಯುವ ಒಂದು ಬೀಜ. ಕುದಿನೀರಿಗೂ ಸಾಯದ ಬೀಜ. ಕುದಿಸಿದರೂ ಬದುಕುವುದು ಆಕಾಶದ ಚಳಿಯಲ್ಲಿ ಬದುಕಿರಲಾರದೇ ಎಂದು ಕೇಳಿದರು, ನನ್ನನ್ನಲ್ಲ, ಗೋಡೆಯನ್ನು. ಸಂಜೆ ನನ್ನನ್ನು ಸ್ಟೇಷನ್ ರೋಡಿಗೆ ಕರೆದೊಯ್ದು ಮಂಡಾಳು ಒಗ್ಗರಣೆ, ಮಿರ್ಚಿ ಕೊಡಿಸಿದರು. ಅಷ್ಟು ವರ್ಷಗಳಲ್ಲಿ ಅವರು ಹೋಟೆಲಿನಲ್ಲಿ ಕೂತು ತಿಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನನಗೆ ಮಾತ್ರ ಸುತ್ತಿಗೆಗೆ ಸವರಿದ ವಿಭೂತಿಯದೇ ಚಿಂತೆ. ಮರುದಿನ ಯಾರೂ ಇಲ್ಲದಾಗ ಒಂದು ಬಾಟಲಿಗೆ ಚಿಟಿಕೆ ವಿಭೂತಿ ಹಾಕಿದೆ. ಇನ್ನೊಂದಕ್ಕೆ ವಿಭೂತಿಯನ್ನು ಕುದಿಸಿ ಹಾಕಿದೆ. ಮೂರು ದಿನಕ್ಕೆ ಎರಡೂ ಮಸುಕಾದವು. ಅದೇ ಕಡ್ಡಿ, ಅದೇ ಹೊಳೆಯುವ ಬೀಜ. ಸಗಣಿ ಸುಟ್ಟ ಬೂದಿ, ಅದನ್ನು ನೀರಲ್ಲಿ ಕಲಸಿ ಉಂಡೆ ಕಟ್ಟಿ ಒಣಗಿಸುತ್ತಾರೆ. ಬೆಂಕಿ ದಾಟಿ ಉಳಿದದ್ದೋ, ಆಮೇಲೆ ಸೇರಿದ್ದೋ, ಅಂತೂ ಅದರಲ್ಲಿ ಜೀವ ಇತ್ತು. ನಾವು ದಿನಾ ಹಣೆಗೆ ಹಚ್ಚಿಕೊಂಡು ಓಡಾಡುತ್ತಿದ್ದದ್ದನ್ನೇ ಸರ್ ಆಕಾಶದಿಂದ ಬಂತು ಎಂದುಕೊಂಡಿದ್ದರು.

ಎರಡೂ ಬಾಟಲಿಗಳನ್ನು ತೊಳೆದಿಟ್ಟು, ಹೇಳಿಬಿಡಬೇಕೆಂದು ಅವರ ಕೋಣೆಗೆ ಹೋದೆ. ಅವರು ಪತ್ರ ಬರೆದು ಮುಗಿಸಿದ್ದರು. ಹಿಂದೆ ನಕ್ಕಿದ್ದ ಆ ವಿದ್ವಾಂಸರಿಗೇ ಬರೆದದ್ದು. ಕೂರಿಸಿಕೊಂಡು ಓದಿ ಹೇಳಿದರು. ಎಲ್ಲ ಕಡೆ ‘ಇರಬಹುದು’, ‘ಪರೀಕ್ಷಿಸಬೇಕು’ ಎಂದು ಎಚ್ಚರದಿಂದಲೇ ಬರೆದಿದ್ದರು. ಕೊನೆಗೆ ಮಾತ್ರ, ನಮ್ಮ ಬಾಟಲಿಗಳನ್ನು ಸರಿಯಾಗಿ ತೊಳೆಯಲಾಗಿತ್ತು ಎಂದು ಒಂದು ಸಾಲು ಸೇರಿಸಿದ್ದರು. ಆ ಸಾಲು ಓದುವಾಗ ಅವರ ಮುಖ ನೋಡಿದೆ. ನನ್ನ ಕೆಲಸ ಕಾಯಂ ಆಗುವ ಕಾಗದವೂ ಆ ವರ್ಷವೇ ಬರಬೇಕಿತ್ತು. ಅದನ್ನೂ ನೆನೆದೆ, ಸುಳ್ಳು ಯಾಕೆ ಹೇಳಲಿ. ಚೆನ್ನಾಗಿ ಬಂದಿದೆ ಸರ್ ಎಂದೆ. ಪತ್ರವನ್ನು ಅಂಚೆಗೆ ಹಾಕಿದವಳೂ ನಾನೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಆಡದ ಮಾತಿಂದ ಹೋಗುವುದರ ಲೆಕ್ಕ ಯಾರೂ ಹೇಳುವುದಿಲ್ಲ.

ಪ್ರಿನ್ಸಿಪಾಲರು ಊರಿಗೆಲ್ಲ ಸಾರಿದರು. ಒಂದು ಪೇಪರಿನಲ್ಲೂ ಬಂತು. ಎರಡು ತಿಂಗಳ ಮೇಲೆ ಆ ವಿದ್ವಾಂಸರ ಕಡೆಯಿಂದ ಇಬ್ಬರು ಬಂದು, ಉಳಿದ ಅರ್ಧ ಕಲ್ಲನ್ನೂ ನಮ್ಮ ಕಡೆಯ ಕೆಲವು ಚೂರುಗಳನ್ನೂ ಒಯ್ದರು. ಈ ನಡುವೆ ಅತ್ತಿಗೆಗೆ ಹೆರಿಗೆಯಾಯಿತು. ಗಟ್ಟಿಮುಟ್ಟಾದ ಗಂಡುಮಗು. ನೋಡಿದಿಯಾ, ನಾನು ಹೇಳಿದಂತೆ ಮಾಡಿದ್ದಕ್ಕೆ ಎಂದು ಅವ್ವ ನನ್ನ ತಲೆ ಸವರಿದಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ಅತ್ತುಬಿಟ್ಟೆ. ಎಲ್ಲರೂ ಸಂತೋಷಕ್ಕೆ ಎಂದುಕೊಂಡರು.

ಬೇಸಿಗೆ ರಜೆಗೆ ಮುಂಚೆ ಆ ಇಬ್ಬರಲ್ಲಿ ಹಿರಿಯರು ಮತ್ತೆ ಬಂದರು. ಸ್ಟಾಫ್ ರೂಮಿನಲ್ಲಿ ಪ್ರಿನ್ಸಿಪಾಲರು, ಏಳೆಂಟು ಜನ ಉಪನ್ಯಾಸಕರು, ಸರ್ ಮತ್ತು ನಾನು. ಉಳಿದ ಅರ್ಧ ಕಲ್ಲನ್ನು ಅವರು ತಮ್ಮಲ್ಲಿ ಕೊಯ್ದು ಒಳಭಾಗವನ್ನು ನೋಡಿದ್ದರು, ಏನೂ ಬೆಳೆಯಲಿಲ್ಲವಂತೆ. ನಮ್ಮ ಚೂರುಗಳ ಬಿರುಕಿನಲ್ಲಿ ಮಾತ್ರ ಬಿಳಿ ಪುಡಿ ಸಿಕ್ಕಿತ್ತು. ಪರೀಕ್ಷೆ ಮಾಡಿದರೆ ಬೂದಿ. ಅವರು ಒರಟರಲ್ಲ, ಮೆಲ್ಲಗೇ ಕೇಳಿದರು: ಕಲ್ಲು ಒಡೆದವರು ಯಾರು, ಪೂಜೆ ಏನಾದರೂ ಮಾಡಿದ್ದಿರಾ?

ನನ್ನ ಹಣೆಯ ಮೇಲೆ ಮೂರು ಗೆರೆ ಇದ್ದವು. ಯಾರೂ ನನ್ನ ಕಡೆ ನೋಡಲಿಲ್ಲ. ಸರ್ ಮೇಜಿನಿಂದ ತಲೆಯೆತ್ತಿದರು.

“ನಾನ ಒಡದೆ,” ಎಂದರು. “ವಿಭೂತಿನೂ ನಾನ ಹಚ್ಚಿದ್ದು.”

ಮೊದಲು ಯಾರೋ ಕೆಮ್ಮಿದರು. ಆಮೇಲೆ ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಆಯುಧಪೂಜೆಗೆ ಕುಂಕುಮ ಬೇಡ ಅಂದ ಮನುಷ್ಯ ಬಾಗಿಲು ಹಾಕಿಕೊಂಡು ವಿಭೂತಿ ಹಚ್ಚುತ್ತಿದ್ದನಂತೆ! ಬಂದಿದ್ದ ಹಿರಿಯರು ನಗಲಿಲ್ಲ, ಕಾಗದಗಳನ್ನು ಮಡಿಸಿ ಚೀಲಕ್ಕೆ ಹಾಕಿದರು. ನಾನು ಕುರ್ಚಿಯ ಕೈ ಹಿಡಿದು ಕೂತಿದ್ದೆ. ಎದ್ದು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಜುಲೈಯಲ್ಲಿ ನನ್ನ ಕೆಲಸ ಕಾಯಂ ಆಯಿತು.

ಉಳಿದ ಒಂದೂವರೆ ವರ್ಷ ಸರ್ ಪಾಠ ಮಾಡಿದರು, ಮನೆಗೆ ಹೋದರು. ಸಂಡೂರಿಗೆ ಹೋಗುವುದನ್ನು ಬಿಟ್ಟರು. ಹುಡುಗರು ಬೋರ್ಡಿನ ಮೇಲೆ ಮೂರು ಬಿಳಿ ಗೆರೆ ಎಳೆದಿಡುತ್ತಿದ್ದರು. ಅವರು ಡಸ್ಟರ್ ತೆಗೆದುಕೊಂಡು ಒರೆಸಿ ಪಾಠ ಶುರು ಮಾಡುತ್ತಿದ್ದರು. ನನ್ನ ಜೊತೆ ಆ ವಿಷಯ ಎತ್ತಲೇ ಇಲ್ಲ. ಅವರಿಗೆ ಗೊತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಕಾಲ ಹಾಕಿದೆ. ಕೋಣೆಯಲ್ಲಿ ಇದ್ದವರು ಇಬ್ಬರೇ ಎಂಬುದನ್ನು ಮರೆತವಳಂತೆ ನಟಿಸಿದೆ.

ನಿವೃತ್ತರಾದ ಹತ್ತು ಹನ್ನೆರಡು ವರ್ಷಕ್ಕೆ ಅವರಿಗೆ ಉಸಿರಾಟದ ತೊಂದರೆ ಹೆಚ್ಚಾಯಿತು. ನೋಡಲು ಹೋದೆ. ಅಷ್ಟೊತ್ತಿಗೆ ನಾನು ವಿಭಾಗದ ಮುಖ್ಯಸ್ಥೆ, ಅವರು ಕೂರುತ್ತಿದ್ದ ಕುರ್ಚಿಯಲ್ಲೇ ಕೂರುತ್ತಿದ್ದೆ. ಕಾಲುವೆ ಪಕ್ಕದ ಅವರ ಮನೆಯ ಪಡಸಾಲೆಯಲ್ಲಿ, ಎರಡು ದಿಂಬಿಗೆ ಒರಗಿ ಕೂತಿದ್ದರು. ಅವರ ಹೆಂಡತಿ ಚಹಾ ಮಾಡಲು ಒಳಗೆ ಹೋದರು.

“ಯಾಕ ಹಚ್ಚಿದಿ?” ಎಂದರು, ಪೀಠಿಕೆಯೇ ಇಲ್ಲದೆ.

ಅಂಜಿಕೆ ಬಂತು ಸರ್ ಎಂದೆ. ಅತ್ತಿಗೆಯ ವಿಷಯ, ಅವ್ವನ ಗಂಟು, ಆಮೇಲೆ ಗುಟ್ಟಾಗಿ ವಿಭೂತಿ ಹಾಕಿ ನೋಡಿದ ಎರಡು ಬಾಟಲಿ, ಎಲ್ಲವನ್ನೂ ಹೇಳಿದೆ. ಕಾಲಿಗೆ ಬೀಳಲು ಹೋದೆ. ಅವರಿಗೆ ನನ್ನ ಅಳುವಿನ ಕಡೆ ಗಮನವೇ ಇರಲಿಲ್ಲ. ಎದ್ದು ನೆಟ್ಟಗೆ ಕೂತರು.

“ಕುದಿಸಿದ ವಿಭೂತಿಯಾಗನೂ ಬೆಳದ್ವಾ?”

ಹೌದು ಎಂದೆ. ಯಾವ ಊರ ವಿಭೂತಿ, ಎಷ್ಟು ದಿನ ಸುಡುತ್ತಾರೆ, ಒಲೆಯಲ್ಲೋ ಗುಂಡಿಯಲ್ಲೋ, ಉಂಡೆ ಕಟ್ಟಲು ಯಾವ ನೀರು, ಒಂದರ ಮೇಲೊಂದು ಕೇಳಿದರು. ಉಸಿರು ಸಾಲುತ್ತಿರಲಿಲ್ಲ, ನಿಲ್ಲಿಸಿ ನಿಲ್ಲಿಸಿ ಕೇಳಿದರು.

“ಹುಚ್ಚಿ, ಅವತ್ತ ಹೇಳಬಾರದಿತ್ತಾ,” ಎಂದರು. “ಬೂದಿಯಾಗ ಬದುಕೋ ಜೀವ. ಆಕಾಶ ಯಾಕ ಬೇಕಿತ್ತು ನನಗ? ಅದನ್ನ ಬರೀತಿದ್ದೆ.”

ದನಿಯಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ, ಆಸೆ ಇತ್ತು. ತಮ್ಮ ಕೈಯಿಂದ ಇನ್ನು ಆಗುವುದಿಲ್ಲ, ನೀನು ಮಾಡು, ಹತ್ತು ಊರಿನ ವಿಭೂತಿ ತಂದು ಬೆಳೆಸಿ ನೋಡು, ನೀನೇ ಬರೆ, ಆದರೆ ಬೇಗ ಬರೆ ಎಂದರು. ಆಗಲಿ ಸರ್ ಎಂದೆ.

ವಿಭೂತಿ ತಂದೆ. ಬೆಳೆಸಿದೆ. ಬರೆಯಲು ಕೂತಾಗ ಮೊದಲ ಸಾಲಿಗೇ ಸಿಕ್ಕಿಬಿದ್ದೆ. ಇದು ನಿನಗೆ ಹೇಗೆ ತಿಳಿಯಿತು ಎಂದು ಯಾರಾದರೂ ಕೇಳಿದರೆ, ಸ್ಟಾಫ್ ರೂಮಿನ ಆ ಮಧ್ಯಾಹ್ನವನ್ನು ಹೇಳಬೇಕಾಗುತ್ತಿತ್ತು. ಅಂದು ನಕ್ಕವರಲ್ಲಿ ನಾಲ್ವರು ಈಗ ನನ್ನ ಕೈಕೆಳಗಿದ್ದರು. ಕಾಗದ ಮಡಚಿಟ್ಟೆ. ತಿಂಗಳಿಗೊಮ್ಮೆ ಸರ್ ಮನೆಗೆ ಹೋದಾಗ, ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ನಡೆದಿದೆ ಸರ್ ಎನ್ನುತ್ತಿದ್ದೆ. ಅವರು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಹೋದರು. ಸುದ್ದಿ ತಿಳಿದು ನಾನು ಹೋದಾಗ ಮನೆಯಲ್ಲಿ ಹೆಚ್ಚು ಜನ ಇರಲಿಲ್ಲ. ಅವರ ಹೆಂಡತಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

“ನೀವು ಬರಿಯೋದು ಮುಗಿಯಾಕ ಬಂದೈತಿ, ನಾ ಹೇಳಿದ್ದು ಈ ಸಲ ನಿಲ್ಲತೈತಿ ಅಂತಿದ್ರು. ನಿನ್ನೆ ರಾತ್ರಿನೂ ಅದ ಮಾತು. ಮುಗೀತೇನವ್ವಾ?” ಎಂದು ಕೇಳಿದರು.

ಮುಗಿಯಿತು ಎಂದೆ.